‘ಗಲಾಟೆ ಮಾಡಬೇಡಿ’ ಅಂದಮೇಲೆ ಮಗು ಏನು ಮಾಡಬೇಕು?

ಶಿಕ್ಷಕ ಬಂಧುಗಳೇ,

ತರಗತಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತು ‘ಗಲಾಟೆ ಮಾಡಬೇಡಿ’. ಇದರಲ್ಲಿ ಎರಡು ತೊಡಕಿವೆ. ಒಂದು ಕನ್ನಡದ್ದೇ. ನಮ್ಮ ಮಾತಿನಲ್ಲಿ ‘ಬೇಡ’ ಬರುವುದು ಕೊನೆಗೆ. ಜಗಲಿಯ ಆ ತುದಿಯಲ್ಲಿರುವ ಹುಡುಗನಿಗೆ ‘ಓಡಬೇಡ’ ಎಂದು ಕೂಗಿದರೆ ಮೊದಲು ಮುಟ್ಟುವುದು ‘ಓಡ’. ಉಳಿದದ್ದು ಗದ್ದಲದಲ್ಲಿ ಕರಗಿಹೋಗಬಹುದು. ಎರಡನೆಯದು ಇನ್ನೂ ದೊಡ್ಡದು: ಬೇಡದ್ದನ್ನು ಹೇಳಿದೆವು, ಬೇಕಾದ್ದನ್ನು ಹೇಳಲಿಲ್ಲ. ‘ಮೆಲ್ಲಗೆ ನಡಿ’, ‘ಪೆನ್ಸಿಲ್ ಕೆಳಗಿಟ್ಟು ಬೋರ್ಡ್ ನೋಡಿ’ ಅಂದರೆ ಮಗುವಿನ ಕೈಕಾಲಿಗೆ, ಕಣ್ಣಿಗೆ ಒಂದು ಕೆಲಸ ಸಿಗುತ್ತದೆ.

ಒಂದು ಉಸಿರಿಗೆ ಎರಡಕ್ಕಿಂತ ಹೆಚ್ಚು ಕೆಲಸ ಹೇಳಬೇಡಿ. (ನಾನೂ ‘ಬೇಡಿ’ ಅಂದೆ, ನೋಡಿ!) ‘ಪುಸ್ತಕ ತೆಗೀರಿ, 34ನೇ ಪುಟ, ಮೂರನೇ ಲೆಕ್ಕ, ನೋಟ್‌ಬುಕ್ಕಲ್ಲಿ ತಾರೀಕು ಹಾಕಿ’ ಅಂದರೆ ಹಿಂದಿನ ಬೆಂಚಿನಿಂದ ‘ಯಾವ ಪೇಜು ಮಿಸ್?’ ಎಂದು ಬಂದೇ ಬರುತ್ತದೆ. ‘ಕಿವಿ ಎಲ್ಲಿಟ್ಟಿದ್ದೆ?’ ಎಂದು ನಾವು ಗದರುತ್ತೇವೆ. ಪುಟದ ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಇದ್ದಿದ್ದರೆ ಆ ಪ್ರಶ್ನೆಯೂ ಇಲ್ಲ, ಗದರಿಕೆಯೂ ಇಲ್ಲ.

ಇನ್ನು ‘ಅರ್ಥ ಆಯ್ತಾ?’ ಇದು ಪ್ರಶ್ನೆಯೇ ಅಲ್ಲ. ‘ಆಯ್ತು ಸಾರ್’ ಎಂಬ ರಾಗ ಮಕ್ಕಳಿಗೆ ಒಂದನೇ ತರಗತಿಯಿಂದಲೇ ಬಾಯಿಪಾಠ. ಅರ್ಥವಾದವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಕೇಳಿ ಲೆಕ್ಕ ಹಾಕಿದರು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳು ಕಡಿಮೆಯಾದರು. ಹೆಸರು ಕರೆಯುವುದೂ ಕಾದ ಮೇಲೆಯೇ ಇರಲಿ. ‘ರಮೇಶಾ’ ಎಂದು ಮೊದಲೇ ಕೂಗಿದರೆ ಉಳಿದ ಮೂವತ್ತೊಂಬತ್ತು ತಲೆಗಳಿಗೆ ಆ ಕ್ಷಣವೇ ರಜೆ.

ನಮ್ಮ ಮಾತು ತಪ್ಪನ್ನು ಕಲಿಸುವುದೂ ಉಂಟು. 42ರಿಂದ 17 ಕಳೆದು ಮಗು 35 ಎಂದು ಬರೆದಿದೆ ಅನ್ನಿ. ಬಿಡಿ ಸ್ಥಾನದಲ್ಲಿ ಕೆಳಗಿನ 7ರಿಂದ ಮೇಲಿನ 2 ಕಳೆದುಬಿಟ್ಟಿದೆ. ಯಾಕೆ? ‘ದೊಡ್ಡದರಿಂದ ಚಿಕ್ಕದು ಕಳಿ’ ಎಂದು ಹಿಂದಿನ ವರ್ಷ ಹೇಳಿಕೊಟ್ಟವರು ನಾವೇ. ಮಗು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ! ಇಲ್ಲಿ ‘ದಡ್ಡ’ ಅಂದರೆ ಮುಂದಿನ ಸಲ ನೋಟ್‌ಬುಕ್ ತೋರಿಸುವುದಿಲ್ಲ, ಅಷ್ಟೇ. ‘ಯಾವುದರಿಂದ ಯಾವುದು ಕಳೆದೆ? ಬೆರಳಿಟ್ಟು ತೋರಿಸು’ ಅನ್ನಿ. ಎಷ್ಟೋ ಸಲ ಬೆರಳಿಡುವಾಗಲೇ ತಪ್ಪು ಸಿಕ್ಕಿಬೀಳುತ್ತದೆ. ಅಂದಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಬೆತ್ತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

‘ಜಾಣ’ ಎನ್ನುವುದೂ ನಿರಪಾಯಕಾರಿಯಲ್ಲ. ಮನೋವಿಜ್ಞಾನ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ತಮ್ಮ ಅಂಕವನ್ನು ಏರಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಹಾಗೆಂದು ‘ಕಷ್ಟಪಟ್ಟೆ ಕಣೋ, ಭೇಷ್’ ಅಂದುಬಿಟ್ಟರೆ ಸಾಲದು. ಲೆಕ್ಕ ಬಾರದ ಮಗುವಿಗೆ ಅದು ಬರೀ ಸಮಾಧಾನ. ಯಾವ ಹೆಜ್ಜೆ ಸರಿ ಎಂದು ಹೆಸರಿಸಿ: ‘ಉತ್ತರ ಬಂದ ಮೇಲೆ ಕೂಡಿ ತಾಳೆ ನೋಡಿದೆಯಲ್ಲ, ಅದು ಸರಿ.’

‘ಹೋಂವರ್ಕ್ ಯಾಕೆ ಮಾಡಿಲ್ಲ?’ ಎಂಬುದು ಸುಳ್ಳಿಗೆ ಕೊಟ್ಟ ಆಹ್ವಾನ. ಹೊಟ್ಟೆನೋವು, ಕರೆಂಟು, ಅಜ್ಜಿ ಎಲ್ಲ ಬರುತ್ತವೆ. ‘ಎಲ್ಲಿವರೆಗೆ ಆಗಿದೆ? ಉಳಿದದ್ದು ಯಾವಾಗ ತೋರಿಸ್ತೀಯ?’ ಎಂದರೆ ಮಾತು ಕೆಲಸದ ಕಡೆ ಹೊರಳುತ್ತದೆ.

ಮೊಬೈಲಿನಲ್ಲಿ ನಿಮ್ಮದೇ ಒಂದು ಪೀರಿಯಡ್ಡಿನ ಧ್ವನಿ ರೆಕಾರ್ಡ್ ಮಾಡಿ. ಮೊದಲ 15 ನಿಮಿಷ ಕೇಳಿದರೆ ಸಾಕು. ಹಾಳೆಯಲ್ಲಿ ಎರಡು ಕಾಲಂ ಹಾಕಿ, ‘ಬೇಡ’ ಎಷ್ಟು, ‘ಮಾಡು’ ಎಷ್ಟು ಎಂದು ಗೀಟು ಎಳೆಯಿರಿ. ಕೆಳಗೆ, ಬೈಯುವುದಕ್ಕೆ ಮಾತ್ರ ಯಾರ ಹೆಸರು ಬಂತು ಎಂದು ಬರೆಯಿರಿ. ಕೇಳಿದ ಮೇಲೆ ರೆಕಾರ್ಡಿಂಗ್ ಅಳಿಸಿಬಿಡಿ, ಹಾಳೆ ಡೈರಿಯಲ್ಲಿರಲಿ.