ಹತ್ತು ‘ಎ’ಗಳಲ್ಲಿ ಒಂದು ಬಿಟ್ಟುಹೋದರೆ

ಎಲ್ಲರಿಗೂ ನಮಸ್ಕಾರ. ದೊಡ್ಡ ಕರುಳಿನ ಕ್ಯಾನ್ಸರ್ ಯಾಕೆ ಬರುತ್ತೆ ಅಂದರೆ ವಯಸ್ಸು, ಬೊಜ್ಜು, ಕುಡಿತ, ಸಿಗರೇಟು, ಕೆಂಪು ಮಾಂಸ ಅಂತ ಒಂದು ಪಟ್ಟಿ ಇದೆ. ನೀವೆಲ್ಲ ಕೇಳಿರುವುದೇ. ಅದನ್ನು ಮತ್ತೆ ಓದುವುದಿಲ್ಲ. ಇವತ್ತು ನಾನು ಮಾತಾಡುವುದು ಈ ಕಾಯಿಲೆಯ ನೂರು ಜನರಲ್ಲಿ ಸುಮಾರು ಮೂವರಿಗೆ ಇರುವ, ವಂಶದಲ್ಲಿ ಹರಿದುಬರುವ ಒಂದು ಬಗೆಯ ಬಗ್ಗೆ. ಲಿಂಚ್ ಸಿಂಡ್ರೋಮ್ ಅಂತ ಅದರ ಹೆಸರು. ಆ ಮೂವರಿಂದ ವಿಜ್ಞಾನ ಕಲಿತಿದ್ದು ಮಾತ್ರ ಬಹಳ.

1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಅನ್ನುವ ಪೆಥಾಲಜಿಸ್ಟ್ ಇದ್ದರು. ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸು ಒಂದು ದಿನ ತಾನು ಬೇಗ ಸಾಯುತ್ತೇನೆ ಅಂದರು. ತಮ್ಮ ಮನೆತನದಲ್ಲಿ ಹೆಚ್ಚಿನವರು ಹೋಗಿದ್ದು ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ, ತಮಗೂ ಅದೇ ಗತಿ ಅಂತ. ಹಾಗೇ ಆಯಿತು, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಾರ್ತಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ‘ಕುಟುಂಬ ಜಿ’ ಅಂತ ಹೆಸರಿಟ್ಟರು.

ಆಮೇಲೆ ಹೆಚ್ಚಿನವರು ಅದನ್ನು ಮರೆತರು. 1960ರ ದಶಕದಲ್ಲಿ ನೆಬ್ರಾಸ್ಕಾದ ಹೆನ್ರಿ ಲಿಂಚ್ ಇಂಥದ್ದೇ ಇನ್ನೊಂದು ಮನೆತನವನ್ನು ಕಂಡರು. ಈ ಲಿಂಚ್ ಡಾಕ್ಟರಾಗುವ ಮೊದಲು ಬಾಕ್ಸಿಂಗ್ ಆಡುತ್ತಿದ್ದವರು, ಸುಲಭಕ್ಕೆ ಬಗ್ಗುವ ಆಸಾಮಿ ಅಲ್ಲ! ಕ್ಯಾನ್ಸರಿಗೆ ಪರಿಸರವೇ ಕಾರಣ ಅಂತ ನಂಬಿದ್ದ ಕಾಲ ಅದು. ಸಂಶೋಧನೆಗೆ ದುಡ್ಡು ಕೇಳಿದರೆ ಅರ್ಜಿ ವಾಪಸ್. ಅವರು ಮನೆ ಮನೆಗೆ ಹೋಗಿ ಯಾರು ಯಾವ ವಯಸ್ಸಿನಲ್ಲಿ ಏನಾಗಿ ತೀರಿಕೊಂಡರು ಅಂತ ಬರೆದುಕೊಳ್ಳುತ್ತಾ ಹೋದರು.

ಕಾರಣ ಸಿಕ್ಕಿದ್ದು 1993ರಲ್ಲಿ. ಅದಕ್ಕೆ ದಾರಿ ತೋರಿಸಿದ್ದು ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಮೇಲೆ ಕೆಲಸ ಮಾಡುತ್ತಿದ್ದವರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಜೀವಕೋಶ ಎರಡಾಗುವಾಗ ಡಿಎನ್ಎಯ ಅಕ್ಷರಗಳನ್ನೆಲ್ಲ ನಕಲು ಮಾಡಬೇಕು. ತಪ್ಪು ಆಗೇ ಆಗುತ್ತೆ. ಆಗ ಎಂಎಸ್‌ಎಚ್2 ಎಂಬ ಪ್ರೋಟೀನ್ ತನ್ನ ಜೊತೆಗಾರನೊಂದಿಗೆ ಡಿಎನ್ಎ ಮೇಲೆ ಜಾರುತ್ತಾ ಬಂದು, ತಪ್ಪಿರುವ ಕಡೆ ನಿಲ್ಲುತ್ತೆ. ಎಂಎಲ್‌ಎಚ್1 ಎಂಬ ಇನ್ನೊಂದು ಪ್ರೋಟೀನ್ ಬಂದು ಸೇರುತ್ತೆ. ಹೊಸ ಎಳೆಯ ಅಷ್ಟು ಭಾಗ ಕತ್ತರಿಸಿಹೋಗಿ, ಹೊಸದಾಗಿ ಬರೆಯಲಾಗುತ್ತೆ. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಹೇಗೆ ನಡೆಯುತ್ತೆ ಅಂತ ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ನೊಬೆಲ್ ಬಂತು.

ಲಿಂಚ್ ಸಿಂಡ್ರೋಮ್ ಇರುವವರಲ್ಲಿ ಇಂಥ ರಿಪೇರಿ ಪ್ರೋಟೀನ್ ತಯಾರಿಸುವ ಒಂದು ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಜಾಗ. ಅಲ್ಲಿ ಯಾವುದೋ ಒಂದು ಜೀವಕೋಶದಲ್ಲಿ ಇನ್ನೊಂದು ಪ್ರತಿಯೂ ಕೆಟ್ಟಿತು ಅನ್ನಿ. ಇನ್ನು ತಿದ್ದುವವರಿಲ್ಲ. ಒಂದೇ ಅಕ್ಷರ ಸಾಲಾಗಿ ಬರುವ ಕಡೆ ಎಡವಟ್ಟು ಜಾಸ್ತಿ. ‘ಬೆಳೆದಿದ್ದು ಸಾಕು, ನಿಲ್ಲು’ ಅನ್ನುವ ಸಂದೇಶವನ್ನು ಜೀವಕೋಶಕ್ಕೆ ತಲುಪಿಸುವ ಒಂದು ಜೀನ್ ಇದೆ, ಟಿಜಿಎಫ್‌ಬಿಆರ್2. ‘ಎ’ ಅನ್ನುವುದು ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದು; ಆ ಜೀನ್‌ನಲ್ಲಿ ಒಂದು ಕಡೆ ಹತ್ತು ‘ಎ’ಗಳು ಸಾಲಾಗಿವೆ. ಒಂದು ಬಿಟ್ಟುಹೋಗಿ ಒಂಬತ್ತಾದರೆ ಮುಂದಿನ ಓದೆಲ್ಲ ತಪ್ಪು. ಪ್ರೋಟೀನ್ ಅರ್ಧಕ್ಕೇ ಮೊಟಕು. ಸಂದೇಶ ಬಂದರೂ ಜೀವಕೋಶಕ್ಕೆ ಕೇಳಿಸುವುದಿಲ್ಲ, ಬೆಳೆಯುತ್ತಲೇ ಹೋಗುತ್ತೆ. ಸಾಮಾನ್ಯವಾಗಿ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ಕ್ಯಾನ್ಸರ್ ಆಗಲು ಹತ್ತು ವರ್ಷದಷ್ಟು ಬೇಕು. ಇವರಲ್ಲಿ ಒಂದರಿಂದ ಮೂರು ವರ್ಷ ಸಾಕು.

ಆದರೆ ಇದೇ ಗಡ್ಡೆಗೆ ಒಂದು ದೌರ್ಬಲ್ಯವೂ ಇದೆ. ಹೀಗೆ ತಪ್ಪು ತಪ್ಪಾಗಿ ತಯಾರಾದ ಪ್ರೋಟೀನ್‌ಗಳು ದೇಹದ ರಕ್ಷಣಾ ಕಣಗಳಿಗೆ ಹೊರಗಿನವರಂತೆ ಕಾಣುತ್ತವೆ. ಆ ಕಣಗಳನ್ನು ತಡೆದಿಟ್ಟಿರುವ ಬ್ರೇಕ್ ತೆಗೆಯುವ ಔಷಧಿ ಕೊಟ್ಟರೆ ಅವೇ ಗಡ್ಡೆಯ ಮೇಲೆ ಬೀಳುತ್ತವೆ. ರಿಪೇರಿ ಕೆಟ್ಟ ಗುದನಾಳದ ಕ್ಯಾನ್ಸರ್ ಇದ್ದ 12 ಜನರಿಗೆ ನ್ಯೂಯಾರ್ಕ್‌ನಲ್ಲಿ ಇಂಥ ಔಷಧಿ ಕೊಟ್ಟು, 2022ರಲ್ಲಿ ಫಲಿತಾಂಶ ಹೇಳಿದರು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಹನ್ನೆರಡೂ ಜನರ ಗಡ್ಡೆ ಕಾಣದಂತಾಗಿತ್ತು. ಹನ್ನೆರಡು ಸಣ್ಣ ಸಂಖ್ಯೆ, ನಿಜ. ಆದರೂ ಹನ್ನೆರಡಕ್ಕೆ ಹನ್ನೆರಡು ಅಲ್ವಾ?

ನಮ್ಮ ಕಡೆಗೆ ಬೇಕಾದ ಒಂದು ಮಾತು. ಅಕ್ಕನ ಮಗಳನ್ನೋ ಮಾವನ ಮಗಳನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇದ್ದರೆ ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬರಬಹುದು. ಅಂಥ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಮೆದುಳು, ರಕ್ತ, ಕರುಳಿನ ಕ್ಯಾನ್ಸರ್ ಬರುತ್ತೆ. ಮೈಮೇಲೆ ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳೂ ಇರುವುದುಂಟು. ಇದು ಅಪರೂಪ. ಆದರೆ ಸಂಬಂಧದೊಳಗೆ ಮದುವೆ ಇರುವ ಕಡೆ ಜಾಸ್ತಿ ಕಾಣುತ್ತೆ.

ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದರೆ, ಬಯಾಪ್ಸಿ ತುಣುಕಿನಲ್ಲಿ ಎಂಎಸ್‌ಎಚ್2, ಎಂಎಲ್‌ಎಚ್1 ಸೇರಿ ನಾಲ್ಕು ರಿಪೇರಿ ಪ್ರೋಟೀನ್‌ಗಳನ್ನು ನೋಡಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಒಂದು ಕಾಣದಿದ್ದರೆ ಗಾಬರಿ ಬೇಡ. ವಯಸ್ಸಾದವರಲ್ಲಿ ಎಂಎಲ್‌ಎಚ್1 ಜೀನ್ ವಂಶದ ಕಾರಣವಿಲ್ಲದೆಯೂ ಗಡ್ಡೆಯಲ್ಲಿ ಸುಮ್ನೆ ಮುಚ್ಚಿಹೋಗುವುದುಂಟು. ಅದನ್ನು ಬೇರ್ಪಡಿಸಲು ಇನ್ನೊಂದು ಪರೀಕ್ಷೆ ಇದೆ. ವಂಶದ್ದೇ ಅಂತ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ರಕ್ತಪರೀಕ್ಷೆ ಸಾಕು. ಆ ಜೀನ್ ಬಂದಿರುವವರು, ಮುಖ್ಯವಾಗಿ ಎಂಎಸ್‌ಎಚ್2, ಎಂಎಲ್‌ಎಚ್1 ಕೆಟ್ಟಿರುವವರು, 20-25ರ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಬೇಕು. ಬಾರದವರಿಗೆ ಆ ಗೋಜಿಲ್ಲ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.