3 ಮೆಟ್ಟಿಲಿಗೆ 18 ಅಡಿ

ಅಪಾರ್ಟ್‌ಮೆಂಟಿನ ಲಿಫ್ಟ್ ಲಾಬಿಗೆ ಹತ್ತೋ ಜಾಗ ಇದು. 3 ಮೆಟ್ಟಿಲು, ಒಂದೊಂದೂ 6 ಇಂಚು. ಪಕ್ಕದಲ್ಲೇ ಪಳಪಳ ಹೊಳೆಯೋ ಗ್ರಾನೈಟ್ ಇಳಿಜಾರು. ಬಿಲ್ಡರ್ ಭಾಷೇಲಿ ಇದು ರ‍್ಯಾಂಪ್. ಟೇಪ್ ಹಿಡಿದ್ರೆ ಉದ್ದ 6 ಅಡಿ. ಸ್ಕೂಟರ್ ಹತ್ತುತ್ತೆ, ವೀಲ್‌ಚೇರ್ ಹಿಂದಕ್ಕೆ ಮಗುಚುತ್ತೆ.

ಲೆಕ್ಕ ಸುಲಭ: 1 ಇಂಚು ಎತ್ತರಕ್ಕೆ 1 ಅಡಿ ಉದ್ದ. 18 ಇಂಚಿಗೆ 18 ಅಡಿ. ಮೇಲೊಂದು, ಕೆಳಗೊಂದು 5 ಅಡಿ ಸಮತಟ್ಟು ಬೇರೆ, ಗಾಡಿ ತಿರುಗಬೇಕಲ್ಲ. "ಅಷ್ಟು ಜಾಗ ಎಲ್ಲಿದೆ?" ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಕೇಳೇ ಕೇಳ್ತಾರೆ. ನೇರವಾಗೇ ಇರಬೇಕು ಅಂತೇನಿಲ್ಲ. ಗೋಡೆಗುಂಟ 9 ಅಡಿ ಹೋಗಿ, ನಡುವೆ 5 ಅಡಿ ಸಮತಟ್ಟು ಕೊಟ್ಟು, ಮತ್ತೆ 9 ಅಡಿ ವಾಪಸ್ ಬನ್ನಿ.

ಪಾಲಿಶ್ ಗ್ರಾನೈಟ್ ಬೇಡ. ಮಳೆಗಾಲದಲ್ಲಿ ಚಪ್ಪಲಿ ಹಾಕಿದವರೇ ಜಾರ್ತಾರೆ. ಬೆಂಕಿ ಜ್ವಾಲೆಯಲ್ಲಿ ಸುಟ್ಟು ಮೇಲ್ಮೈ ತರಿತರಿ ಮಾಡಿದ ಫ್ಲೇಮ್ಡ್ ಗ್ರಾನೈಟ್ ಹಾಕಿ. ಪಾಲಿಶ್ ಕಲ್ಲೇ ಹಾಕಿ ಆಗಿದ್ರೆ ಅಡ್ಡಡ್ಡ ಗ್ರೂವ್ ಹೊಡೆಸಿ. ಕೈಹಿಡಿ ಎರಡೂ ಕಡೆ ಬೇಕು. ಲಕ್ವ ಹೊಡೆದವರಿಗೆ ಒಂದೇ ಕೈಯಲ್ಲಿ ಬಲ. ಹತ್ತುವಾಗ ಬಲಕ್ಕೆ ಸಿಕ್ಕಿದ ಕಂಬಿ ಇಳಿಯುವಾಗ ಎಡಕ್ಕಿರುತ್ತೆ.

ಇದು ಒಬ್ಬಿಬ್ಬರಿಗೋಸ್ಕರ ಅನ್ನೋರು ಬೆಳಗ್ಗೆ ಒಂದು ಗಂಟೆ ಇಲ್ಲಿ ನಿಂತು ನೋಡಿ. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಮಗುವಿನ ಗಾಡಿ, ಮಂಡಿ ಆಪರೇಷನ್ ಆದ ಅಜ್ಜಿ, ಎಲ್ಲಾ ಇಲ್ಲೇ ಹತ್ತೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವತ್ರಿಕ ವಿನ್ಯಾಸ ಅಂದ್ರೆ ಏನು ಅಂತಾನೂ ಬರೆದಿದೆ: ಬೇರೆ ಮಾರ್ಪಾಡಿಲ್ಲದೆ ಆದಷ್ಟೂ ಎಲ್ಲರೂ ಬಳಸೋ ಹಾಗಿರೋದು.

ಲಿಫ್ಟ್ ಒಳಗೆ ಹಿಂಬದಿ ಕನ್ನಡಿ ತಲೆ ಬಾಚ್ಕೊಳ್ಳೋಕಲ್ಲ. ವೀಲ್‌ಚೇರ್ ಒಳಗೆ ತಿರುಗದಿದ್ದಾಗ, ಹಿಮ್ಮುಖವಾಗಿ ಹೊರಬರೋರಿಗೆ ಬಾಗಿಲ ಹತ್ತಿರ ಯಾರಿದ್ದಾರೆ ಅಂತ ಕಾಣಬೇಕು.

ಈಗ ಮನೆಯೊಳಗೆ, ಬಚ್ಚಲುಮನೆ. ನಿಜವಾದ ಅಪಾಯ ಇಲ್ಲಿದೆ. ಬಾಗಿಲು ಒಳಗೆ ತೆರೆಯುತ್ತೆ. ಯಾರಾದ್ರೂ ಬಾಗಿಲ ಹಿಂದೆ ಬಿದ್ರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಹೊರಗೆ ತೆರೆಯೋ ಹಾಗೆ ಮಾಡಿಸಿ. ಬಡಗಿಗೆ ಹಿಂಜಸ್ ಜೊತೆ ಚೌಕಟ್ಟಿನ ಕಚ್ಚನ್ನೂ ಬದಲಿಸೋಕೆ ಹೇಳಿ, ಇಲ್ಲಾಂದ್ರೆ ಬಾಗಿಲು ಕೂರಲ್ಲ. ಚಿಲಕ ಹೊರಗಿಂದ ನಾಣ್ಯ ಹಾಕಿ ತಿರುಗಿಸುವಂಥದ್ದಿರಲಿ.

ಕಮೋಡ್ ಪಕ್ಕದ ಗ್ರಾಬ್ ಬಾರ್, ಅಂದ್ರೆ ಹಿಡ್ಕೊಂಡು ಏಳೋ ಕಂಬಿ, ಅದರ ವಿಷಯದಲ್ಲಿ ಹೆಚ್ಚಿನವರು ಎಡವೋದು ಗೋಡೇಲಿ. ಹಾಲೋ ಬ್ಲಾಕ್ ಒಳಗೆ ಟೊಳ್ಳು. ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿದ್ರೆ ಟವೆಲ್ ತೂಗುತ್ತೆ, ಮನುಷ್ಯ ಹಿಡಿದ್ರೆ ಟೈಲ್ಸ್ ಸಮೇತ ಕಿತ್ತು ಬರುತ್ತೆ. ತೂತಿನೊಳಗೆ ಮೆಶ್ ಸ್ಲೀವ್ (ಜಾಲರಿ ಕೊಳವೆ) ಇಟ್ಟು ಕೆಮಿಕಲ್ ಆ್ಯಂಕರ್ (ಗಟ್ಟಿಯಾಗೋ ಅಂಟಲ್ಲಿ ಕೂರಿಸೋ ಬೋಲ್ಟ್) ಹಾಕಿಸಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಗಟ್ಟಿಯಾಗೋಕೆ ಬಿಡಿ. ಆಮೇಲೆ ಫಿಟ್ ಮಾಡಿದವರೇ ಅದನ್ನ ಹಿಡ್ಕೊಂಡು ಜೋತು ಬೀಳ್ಲಿ. ದುಡ್ಡು ಕೊಡೋದು ಅದಾದ್ಮೇಲೆ.