ಗಾರೇಜಿನ ಮೇಲಿನ ಕೋಣೆಯ ಚಳಿ

ಕೇಳುಗರಿಗೆ ನಮಸ್ಕಾರ. ಮಿನೆಸೋಟ, ಮಿಷಿಗನ್, ಒಂಟಾರಿಯೊದಂಥ ಹಿಮ ಸುರಿಯುವ ಸೀಮೆಗಳಲ್ಲಿ ಮನೆಗೆ ಅಂಟಿಕೊಂಡ ಗಾರೇಜಿನ ಮೇಲೆ ಒಂದು ಕೋಣೆ ಇರುವುದು ಸಾಮಾನ್ಯ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ಹಿರಿಯರಿಗೆ ಹೆಚ್ಚಾಗಿ ಬಿಟ್ಟುಕೊಡುವುದು ಅದನ್ನೇ, ಜನವರಿಯಲ್ಲಿ ಬರಿಗಾಲಿಡಲಾಗದಷ್ಟು ತಣ್ಣಗಿರುವುದೂ ಅದರ ನೆಲವೇ.

ಇದಕ್ಕೆ ಕಾರಣವನ್ನು ಹೀಟರಿನಲ್ಲಿ ಹುಡುಕುವುದಕ್ಕಿಂತ ಆ ನೆಲದೊಳಗೆ ಹುಡುಕುವುದು ಮೇಲು. ನೆಲವನ್ನು ಹೊತ್ತ ಮರದ ತೊಲೆಗಳ ನಡುವೆ ಗಾಜಿನ ನಾರಿನ ಹಾಸುಗಳನ್ನು ತುರುಕಿರುತ್ತಾರೆ. ಅವು ಕಾಲಕ್ರಮದಲ್ಲಿ ಜೋತುಬಿದ್ದು ಗಾರೇಜಿನ ಚಾವಣಿಯ ಮೇಲೆ ಕುಳಿತಾಗ, ನೆಲದ ಹಲಗೆಗೂ ಹಾಸಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ತೊಲೆಗಳ ತುದಿಯ ಸಂದುಗಳಿಂದ ನುಗ್ಗುವ ಹೊರಗಾಳಿ ಆ ಜಾಗದಲ್ಲಿ ಸಲೀಸಾಗಿ ಓಡಾಡುವುದರಿಂದ, ಹಾಸು ಎಷ್ಟೇ ದಪ್ಪವಿದ್ದರೂ ಉಪಯೋಗವಿಲ್ಲ. ಗಾಜಿನ ನಾರು ಶಾಖವನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಕೆಲವು ಮನೆಗಳಲ್ಲಿ ಅದೇ ತೊಲೆಗಳು ಪಕ್ಕದ ಕೋಣೆಗಳ ಅಡಿಗೂ ಮುಂದುವರಿದಿರುವುದರಿಂದ ಚಳಿ ಮನೆಯ ನಡುವಿಗೇ ದಾರಿ ಮಾಡಿಕೊಳ್ಳುತ್ತದೆ.

ಆದ್ದರಿಂದ ಮೊದಲು ಗಾಳಿಯನ್ನು ಕಟ್ಟಬೇಕು. ತೊಲೆಗಳ ತುದಿಗೂ, ಗಾರೇಜಿಗೂ ಮನೆಗೂ ನಡುವಿನ ಗೋಡೆಯ ನೇರಕ್ಕೂ ಗಟ್ಟಿ ಫೋಮ್ ಹಲಗೆಯ ತುಂಡುಗಳನ್ನು ಕೂರಿಸಿ ಅಂಚುಗಳನ್ನು ಮುಚ್ಚಬೇಕು. ಗಾರೇಜಿನಿಂದ ಮೇಲೇರುವುದು ಚಳಿಯೊಂದೇ ಅಲ್ಲ, ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಅದೊಂದೇ ಕಾರಣ ಸಾಕು. ಅನಂತರ ಕಾಗದದ ನಾರನ್ನು, ಅಂದರೆ ಸೆಲ್ಯುಲೋಸನ್ನು, ಚಾವಣಿಗೆ ಕೊರೆದ ರಂಧ್ರಗಳ ಮೂಲಕ ಯಂತ್ರದಿಂದ ಒತ್ತಿ ತುಂಬಿಸಬಹುದು. ಸುಮಾರು 9 ಇಂಚು ಆಳದ ತೊಲೆಗಳಲ್ಲಿ ಇದರಿಂದ ಆರ್-30ರಷ್ಟು ತಡೆ ಸಿಗುತ್ತದೆ (ಆರ್ ಎಂದರೆ ಶಾಖವನ್ನು ತಡೆಯುವ ಶಕ್ತಿಯ ಅಳತೆ, ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು). ಅಮೆರಿಕದ ಮಾದರಿ ವಸತಿ ನಿಯಮಾವಳಿ ಚಳಿ ಪ್ರದೇಶಗಳ ಇಂಥ ನೆಲಕ್ಕೆ ಸಾಮಾನ್ಯವಾಗಿ ಕೇಳುವುದೂ ಅಷ್ಟನ್ನೇ. ಹಾಸುಗಳನ್ನೇ ಉಳಿಸಿಕೊಳ್ಳುವವರು ಅವು ನೆಲದ ಹಲಗೆಗೆ ತಾಗಿಯೇ ನಿಲ್ಲುವಂತೆ ಕೆಳಗಿನಿಂದ ತಂತಿಯ ಆಸರೆ ಕೊಡಬೇಕು.

ಚಾವಣಿಯನ್ನು ಬಿಚ್ಚಿದರೆ ಮತ್ತೆ ಹಾಕುವಾಗ ಅಗ್ಗದ ಹಲಗೆ ಸಲ್ಲದು. ವಾಸದ ಕೋಣೆಯ ಕೆಳಗಿನ ಗಾರೇಜಿಗೆ 5/8 ಇಂಚಿನ, ಬೆಂಕಿಯನ್ನು ತಾಳುವ ಟೈಪ್ ಎಕ್ಸ್ ಜಿಪ್ಸಮ್ ಹಲಗೆಯನ್ನೇ ಆ ನಿಯಮಾವಳಿ ಕೇಳುತ್ತದೆ. ತೊಲೆಗಳ ನಡುವೆ ನೀರಿನ ಕೊಳವೆ ಹಾದುಹೋಗಿದ್ದರೆ ಅದು ನೆಲದ ಹಲಗೆಯ ಪಕ್ಕದಲ್ಲೇ ಇದ್ದು, ತುಂಬಿಸುವ ನಾರೆಲ್ಲ ಅದರ ಕೆಳಗೆ ಬರಬೇಕು. ತಿರುವುಮುರುವಾದರೆ ಮೊದಲ ಕಡುಚಳಿಗೇ ಕೊಳವೆ ಹೆಪ್ಪುಗಟ್ಟಿ ಒಡೆಯಬಹುದು.